ಫಿಜಿಷಿಯನ್ ಬಳಿ ಹೋಗುವ ಮುನ್ನ: ವೈದ್ಯರ ಹಿನ್ನೆಲೆ ವಿಚಾರಿಸುವ ಬಗೆ

ಇಳಿಯದ ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್, ಕಾರಣ ತಿಳಿಯದ ಸುಸ್ತು ಮುಂತಾದವುಗಳಿಗೆ ನಾವು ಕಾಣುವ ತಜ್ಞರನ್ನು ನಮ್ಮ ಊರುಗಳಲ್ಲಿ ‘ಫಿಜಿಷಿಯನ್’ ಎಂದು ಕರೆಯುವುದು ರೂಢಿ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲ ಮೇಲೆ ‘ಜನರಲ್ ಮೆಡಿಸಿನ್’ ಎಂದಿರುತ್ತದೆ, ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಅಮೆರಿಕದವರ ಮಾತಿನಂತೆ ‘ಇಂಟರ್ನಲ್ ಮೆಡಿಸಿನ್’ ಎಂದಿರುತ್ತದೆ. ಶಾಖೆ ಮಾತ್ರ ಒಂದೇ. ಅಪೆಂಡಿಕ್ಸ್ ತೆಗೆದ ಸರ್ಜನ್ನರನ್ನು ನಾವು ಹೊಲಿಗೆ ಬಿಚ್ಚಿಸಿದ ಮೇಲೆ ಮತ್ತೆ ಕಾಣುವುದು ಅಪರೂಪ. ಫಿಜಿಷಿಯನ್ ಜೊತೆಗಿನ ನಂಟು ಹಾಗಲ್ಲ, ಅದು ಹತ್ತು ಹದಿನೈದು ವರ್ಷ ನಡೆಯುವಂಥದ್ದು. ಹೃದಯದವರು ಒಂದು ಚೀಟಿ, ಮೂತ್ರಪಿಂಡದವರು ಇನ್ನೊಂದು ಚೀಟಿ, ನರರೋಗದವರು ಮತ್ತೊಂದು ಚೀಟಿ ಬರೆದುಕೊಟ್ಟಾಗ ಅವೆಲ್ಲವನ್ನೂ ಮೇಜಿನ ಮೇಲೆ ಹರಡಿಕೊಂಡು, ಯಾವ ಮಾತ್ರೆ ಇರಲಿ, ಯಾವುದು ಬೇಡ ಎಂದು ತೀರ್ಮಾನಿಸುವವರು ಇವರೇ ಆದ್ದರಿಂದ, ಇವರ ಓದು, ನೋಂದಣಿ, ನಡವಳಿಕೆಗಳ ಬಗ್ಗೆ ಒಂದು ಗಂಟೆ ಹೊತ್ತು ವಿಚಾರಿಸುವುದು ಅತಿಯೇನಲ್ಲ.

ನನಗೆ ಈ ಅಭ್ಯಾಸ ಹತ್ತಿದ್ದು ಸೋದರತ್ತೆಯವರಿಂದ. ಸಕ್ಕರೆ ಹತೋಟಿಗೆ ಬಾರದೆ ಅವರು ತಾಲ್ಲೂಕು ಕೇಂದ್ರದ ಒಂದು ಕ್ಲಿನಿಕ್ಕಿಗೆ ವರ್ಷಗಟ್ಟಲೆ ಹೋಗುತ್ತಿದ್ದರು. ಬೋರ್ಡಿನಲ್ಲಿ ಹೆಸರಿನ ಮುಂದೆ ಬೊಗಸೆಯಗಲದ ‘ಎಂ.ಡಿ.’ ಇತ್ತು. ಒಂದು ದಿನ ಔಷಧಿ ಚೀಟಿಯನ್ನು ಕನ್ನಡಕ ಹಾಕಿಕೊಂಡು ಓದಿದಾಗ, ಅದೇ ಎಂ.ಡಿ.ಯ ಪಕ್ಕದಲ್ಲಿ ಆವರಣದೊಳಗೆ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ‘ಆಯು’ ಎಂದು ಅಚ್ಚಾಗಿತ್ತು. ಆಯುರ್ವೇದದ ಎಂ.ಡಿ.ಯೂ ಕಷ್ಟಪಟ್ಟು ಓದಿ ಪಡೆಯುವ ಪದವಿಯೇ, ಅದರಲ್ಲಿ ‘ಕಾಯಚಿಕಿತ್ಸಾ’ ಎಂಬ ಶಾಖೆ ನಮ್ಮ ಜನರಲ್ ಮೆಡಿಸಿನ್ನಿಗೆ ಸಮೀಪದ್ದೇ. ಆದರೆ ಅತ್ತೆಯವರಿಗೆ ಸಿಗುತ್ತಿದ್ದುದು ಕಷಾಯವೂ ಅಲ್ಲ, ಚೂರ್ಣವೂ ಅಲ್ಲ, ಅಲೋಪತಿ ಮಾತ್ರೆಗಳು. ತಾನು ಯಾರ ಬಳಿ ಯಾವ ಪದ್ಧತಿಯ ಚಿಕಿತ್ಸೆ ಪಡೆಯುತ್ತಿದ್ದೇನೆ ಎಂಬುದು ಅಷ್ಟು ವರ್ಷ ಅವರಿಗೆ ತಿಳಿದಿರಲಿಲ್ಲ. ಇಂಥದ್ದೇ ಒಂದು ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಪೂನಂ ವರ್ಮಾ ಪ್ರಕರಣದಲ್ಲಿ, ಹೋಮಿಯೋಪತಿ ಓದಿದ ವೈದ್ಯರು ಅಲೋಪತಿ ಔಷಧಿ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಪುರಾವೆ ಬೇಕಿಲ್ಲ ಎಂದು ನ್ಯಾಯಾಲಯ 1996ರಲ್ಲಿ ಹೇಳಿತು.

ಹೆಸರು ಬೇಡ, ಸಂಖ್ಯೆ ಹಿಡಿಯಿರಿ

ಹುಡುಕಾಟವನ್ನು ವೈದ್ಯರ ಹೆಸರಿನಿಂದ ಆರಂಭಿಸುವುದು ಎಲ್ಲರೂ ಮಾಡುವ ತಪ್ಪು. ಒಬ್ಬ ಶ್ರೀನಿವಾಸರನ್ನು ಇಂಗ್ಲಿಷಿನಲ್ಲಿ ಆರೇಳು ಬಗೆಯಾಗಿ ಬರೆಯಬಹುದು; ಇನಿಷಿಯಲ್ ಕೆಲವರಿಗೆ ಊರಿನದು, ಕೆಲವರಿಗೆ ತಂದೆಯದು, ಕೆಲವರಿಗೆ ಎರಡೂ; ವೈದ್ಯೆಯರಲ್ಲಿ ಹಲವರು ನೋಂದಾಯಿಸಿಕೊಂಡದ್ದು ಮದುವೆಗೆ ಮುಂಚಿನ ಹೆಸರಿನಲ್ಲಿ. ಗೊಂದಲವಿಲ್ಲದ ಎಳೆಯೆಂದರೆ ನೋಂದಣಿ ಸಂಖ್ಯೆ. 2002ರ ವೃತ್ತಿನಡತೆ ನಿಯಮಾವಳಿಯ ಪ್ರಕಾರ ವೈದ್ಯರು ಈ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ ಕಾಣುವಂತೆ ಹಾಕಬೇಕು, ಜೊತೆಗೆ ಔಷಧಿ ಚೀಟಿ, ಪ್ರಮಾಣಪತ್ರ, ಹಣದ ರಸೀದಿ ಎಲ್ಲದರ ಮೇಲೂ ನಮೂದಿಸಬೇಕು. (2023ರ ಆಗಸ್ಟ್‌ನಲ್ಲಿ ಹೊಸ ನಿಯಮಾವಳಿಯೊಂದು ಹೊರಬಂದು ಅದೇ ತಿಂಗಳಲ್ಲಿ ತಡೆಹಿಡಿಯಲ್ಪಟ್ಟದ್ದರಿಂದ ಹಳೆಯದೇ ಮುಂದುವರಿಯಿತು.) ಚೀಟಿಯ ತಲೆಬರಹದಲ್ಲಿಯೋ, ಕೆಳಗೆ ಸಹಿಯ ಪಕ್ಕದ ರಬ್ಬರ್ ಮೊಹರಿನಲ್ಲಿಯೋ ‘ಕೆಎಂಸಿ ನಂ.’ ಎಂದು ಇರುವುದೇ ಇದು. ಇಲ್ಲಿ ಕೆಎಂಸಿ ಎಂದರೆ ಮಣಿಪಾಲದ ಕಾಲೇಜಲ್ಲ, ಕರ್ನಾಟಕ ಮೆಡಿಕಲ್ ಕೌನ್ಸಿಲ್. ಮಂಗಳೂರು ಕಡೆ ‘ಟಿಸಿಎಂಸಿ’ ಎಂದು ಕಂಡರೆ ಗಾಬರಿ ಬೇಡ. ಕೇರಳದ ವೈದ್ಯರ ನೋಂದಣಿ ಬಹುಕಾಲ ತಿರುವಾಂಕೂರು-ಕೊಚ್ಚಿ ಕೌನ್ಸಿಲ್ಲಿನ ಹೆಸರಿನಲ್ಲೇ ನಡೆಯುತ್ತಿತ್ತು. ವಿಡಿಯೊ ಕರೆಯಲ್ಲಿ ಚಿಕಿತ್ಸೆ ಪಡೆಯುವವರಿಗೂ ಈ ಹಕ್ಕಿದೆ: 2020ರ ಮಾರ್ಚ್‌ನ ಟೆಲಿಮೆಡಿಸಿನ್ ಮಾರ್ಗಸೂಚಿ ಎಲೆಕ್ಟ್ರಾನಿಕ್ ಚೀಟಿಯ ಮೇಲೂ ಸಂಖ್ಯೆ ಇರಬೇಕೆಂದು ಹೇಳುತ್ತದೆ.

ಇನ್ನೂ ಭೇಟಿಯೇ ಆಗಿಲ್ಲ, ಚೀಟಿ ಎಲ್ಲಿಂದ ತರುವುದು ಎಂದರೆ, ಕ್ಲಿನಿಕ್ಕಿಗೆ ಫೋನ್ ಮಾಡಿ ‘ವಿಮೆಯವರು ಕೇಳುತ್ತಿದ್ದಾರೆ’ ಎಂಬ ನೆಪವೇನೂ ಹೇಳದೆ ನೇರವಾಗಿ ಕೇಳಬಹುದು. ರಿಸೆಪ್ಷನ್ನಿನಲ್ಲಿ ಕುಳಿತವರು ಕ್ಷಣ ತಬ್ಬಿಬ್ಬಾಗುತ್ತಾರೆ, ಆಮೇಲೆ ಲೆಟರ್‌ಹೆಡ್ ನೋಡಿ ಓದಿ ಹೇಳುತ್ತಾರೆ.

ನೋಂದಣಿ ಪುಸ್ತಕವನ್ನು ಓದುವುದು

ಸಂಖ್ಯೆ ಸಿಕ್ಕ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿರುವ ಭಾರತೀಯ ವೈದ್ಯಕೀಯ ನೋಂದಣಿ ಪುಸ್ತಕವನ್ನು ತೆರೆಯಬೇಕು. ಹಳೆಯ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾದ ಜಾಗಕ್ಕೆ 2020ರ ಸೆಪ್ಟೆಂಬರ್ 25ರಂದು ಬಂದ ಸಂಸ್ಥೆ ಇದು. ಹುಡುಕಾಟ ಉಚಿತ, ಲಾಗಿನ್ ಬೇಕಿಲ್ಲ. ಪ್ರತಿ ರಾಜ್ಯದ ಕೌನ್ಸಿಲ್ ತನ್ನದೇ ಸಂಖ್ಯಾಸರಣಿ ಇಟ್ಟುಕೊಂಡಿರುವುದರಿಂದ ಬರೀ ಸಂಖ್ಯೆ ಕೊಟ್ಟರೆ ಬೇರೆ ಬೇರೆ ರಾಜ್ಯಗಳ ಹಲವು ವೈದ್ಯರು ಒಟ್ಟಿಗೆ ಎದ್ದು ಬರುತ್ತಾರೆ; ಸಂಖ್ಯೆಯ ಜೊತೆಗೆ ರಾಜ್ಯವನ್ನೂ ನೋಡಿಕೊಳ್ಳಿ. ತೆರೆದ ಪುಟದಲ್ಲಿ ವೈದ್ಯರ ಹೆಸರು, ತಂದೆಯ ಹೆಸರು, ನೋಂದಣಿಯ ದಿನಾಂಕ, ಮೂಲ ಪದವಿ, ಅದನ್ನು ಪಡೆದ ವರ್ಷ, ವಿಶ್ವವಿದ್ಯಾಲಯ, ಕೊನೆಗೆ ಹೆಚ್ಚುವರಿ ಅರ್ಹತೆಗಳು ಇರುತ್ತವೆ. ಬಹಳ ಜನ ಹೆಸರು ಕಂಡ ಕೂಡಲೇ ಸಮಾಧಾನಪಟ್ಟು ಪುಟ ಮುಚ್ಚುತ್ತಾರೆ. ಹೆಸರಿರುವುದು ಇವರು ಎಂ.ಬಿ.ಬಿ.ಎಸ್. ವೈದ್ಯರು ಎಂಬುದಕ್ಕೆ ಮಾತ್ರ ಸಾಕ್ಷಿ. ತಜ್ಞರು ಹೌದೋ ಅಲ್ಲವೋ ಎಂಬುದಕ್ಕೆ ಹೆಚ್ಚುವರಿ ಅರ್ಹತೆಯ ಸಾಲಿನವರೆಗೂ ಕಣ್ಣು ಇಳಿಯಬೇಕು. ಅಲ್ಲಿ ‘ಎಂ.ಡಿ. ಜನರಲ್ ಮೆಡಿಸಿನ್’ ಅಥವಾ ‘ಡಿ.ಎನ್.ಬಿ. ಜನರಲ್ ಮೆಡಿಸಿನ್’ ಇದ್ದರೆ ಇವರು ಎಂ.ಬಿ.ಬಿ.ಎಸ್. ಮುಗಿಸಿ ಮತ್ತೆ ಮೂರು ವರ್ಷ ಇದೇ ಶಾಖೆಯಲ್ಲಿ ತರಬೇತಿ ಪಡೆದವರು. ಡಿ.ಎನ್.ಬಿ. ಆಗಿದ್ದರೆ ವಿಶ್ವವಿದ್ಯಾಲಯದ ಜಾಗದಲ್ಲಿ ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಹೆಸರಿರುತ್ತದೆ. ಅದನ್ನು ಕಂಡು ‘ಕಾಲೇಜಿನಲ್ಲಿ ಓದಿಲ್ಲವಲ್ಲ’ ಎಂದುಕೊಳ್ಳಬಾರದು, ಅದು ಎಂ.ಡಿ.ಗೆ ಸಮವಾದ ಪದವಿ.

ವರ್ಷ ಮತ್ತು ವಿಶ್ವವಿದ್ಯಾಲಯಗಳನ್ನು ಜೋಡಿಸಿ ಓದುವುದರಲ್ಲಿ ಒಂದು ಪತ್ತೇದಾರಿ ಖುಷಿಯಿದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆರಂಭವಾದದ್ದು 1996ರ ಜೂನ್‌ನಲ್ಲಿ. ಅದಕ್ಕೆ ಮುಂಚೆ 1924ರ ಮೈಸೂರು ಮೆಡಿಕಲ್ ಕಾಲೇಜು ಮೈಸೂರು ವಿಶ್ವವಿದ್ಯಾಲಯಕ್ಕೆ, ಹುಬ್ಬಳ್ಳಿಯ ಕಾಲೇಜು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆದ್ದರಿಂದ ಅರವತ್ತು ದಾಟಿದ ವೈದ್ಯರ ಸಾಲಿನಲ್ಲಿ ಈ ಹಳೆಯ ಹೆಸರುಗಳಿರುವುದು ಸಹಜ. ಬದಲಿಗೆ 1992ರ ಪದವಿಗೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಹೆಸರು ಹಾಕಿಕೊಂಡ ಪರಿಚಯಪತ್ರ ಕಂಡರೆ, ಅಚ್ಚಿನ ತಪ್ಪೋ ಬೇರೇನೋ ಎಂದು ಕೇಳಬೇಕಾದದ್ದೇ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎಂ.ಡಿ. ಮುಗಿಸಿದ ಮೇಲೆ ಅದನ್ನು ಕೌನ್ಸಿಲ್ಲಿನಲ್ಲಿ ಪ್ರತ್ಯೇಕವಾಗಿ ಅರ್ಜಿ ಹಾಕಿ, ಶುಲ್ಕ ಕಟ್ಟಿ ದಾಖಲಿಸಬೇಕು, ರಾಜ್ಯದಲ್ಲಿ ದಾಖಲಾದದ್ದು ದೆಹಲಿಯ ಪುಸ್ತಕಕ್ಕೂ ಏರಬೇಕು. ಎರಡೂ ಕಡೆ ತಡವಾಗುವುದುಂಟು. ನಾನು ಹುಡುಕಿದವರಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ಹಿರಿಯ ಪ್ರಾಧ್ಯಾಪಕರೊಬ್ಬರ ಪುಟದಲ್ಲಿ ಎಂ.ಬಿ.ಬಿ.ಎಸ್. ಬಿಟ್ಟರೆ ಏನೂ ಇರಲಿಲ್ಲ. ಸಾಲು ಖಾಲಿಯಿರುವುದು ಮೋಸದ ಗುರುತಲ್ಲ, ಇನ್ನೊಂದು ಕಡೆ ವಿಚಾರಿಸಬೇಕೆಂಬ ಸೂಚನೆ. ಆ ಇನ್ನೊಂದು ಕಡೆ ಎಂದರೆ ಬೆಂಗಳೂರಿನ ಕರ್ನಾಟಕ ಮೆಡಿಕಲ್ ಕೌನ್ಸಿಲ್ ಕಚೇರಿ. ರಾಜ್ಯದಲ್ಲಿ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ಅದಕ್ಕೆ ಮುಂದುವರಿದ ವೈದ್ಯಕೀಯ ಶಿಕ್ಷಣದ ಅಂಕಗಳನ್ನೂ ತೋರಿಸಬೇಕು. ಹೆಸರು ಪುಸ್ತಕದಲ್ಲಿದ್ದೂ ನವೀಕರಣ ಬಾಕಿ ಉಳಿದಿರಬಹುದಾದ್ದರಿಂದ ಈ ಪ್ರಶ್ನೆಯನ್ನು ಕೌನ್ಸಿಲ್ಲಿಗೇ ಕೇಳುವುದು ಸರಿ. ಬಾಯಿಮಾತಿನಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿಯಿದೆ: ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನಗಳ ಗಡುವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಆದ್ದರಿಂದ ನೋಂದಣಿ ಊರ್ಜಿತವಿದೆಯೇ, ದಾಖಲಾದ ಹೆಚ್ಚುವರಿ ಅರ್ಹತೆಗಳು ಯಾವುವು, ಶಿಸ್ತುಕ್ರಮದ ಆದೇಶವೇನಾದರೂ ಆಗಿದೆಯೇ ಎಂದಷ್ಟೇ ಬರೆದರೆ ಸಾಕು.

2024ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ನೋಂದಣಿಯ ಹೊಸ ಪೋರ್ಟಲ್ ಶುರುವಾಗಿದೆ, ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಆರೋಗ್ಯ ವೃತ್ತಿಪರರ ಪಟ್ಟಿ ಬೇರೆ ಇದೆ. ಇವುಗಳಲ್ಲಿ ಹೆಸರಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಲಾಗದು.

ಹೆಸರಿನ ಮುಂದಿನ ಬಾಲಗಳು

ಬೋರ್ಡಿನ ಮೇಲೆ ಸಾಲುಗಟ್ಟಿ ನಿಂತ ಅಕ್ಷರಗಳೆಲ್ಲ ಒಂದೇ ತೂಕದವಲ್ಲ. ‘ಜನರಲ್ ಫಿಜಿಷಿಯನ್’ ಎಂಬ ಪದವನ್ನೇ ನೋಡಿ: ಎಂ.ಡಿ. ಆದವರೂ ಹಾಕಿಕೊಳ್ಳುತ್ತಾರೆ, ಎಂ.ಬಿ.ಬಿ.ಎಸ್. ಮುಗಿಸಿ ಸಾಮಾನ್ಯ ಚಿಕಿತ್ಸೆ ನೀಡುವವರೂ ಹಾಕಿಕೊಳ್ಳುತ್ತಾರೆ. ನೆಗಡಿ ಜ್ವರಕ್ಕೆ ಮೂವತ್ತು ವರ್ಷ ಅನುಭವವಿರುವ ಎಂ.ಬಿ.ಬಿ.ಎಸ್. ವೈದ್ಯರು ಎಷ್ಟೋ ತಜ್ಞರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ತಜ್ಞರೆಂದು ತಿಳಿದು ತಜ್ಞರ ಶುಲ್ಕ ಕೊಡುವಾಗ ಅದು ನಮಗೆ ಗೊತ್ತಿರಬೇಕು. ಆ ಶಾಖೆಯಲ್ಲಿ ವಿಶೇಷ ಅರ್ಹತೆಯಿಲ್ಲದವರು ತಾವು ತಜ್ಞರೆಂದು ಹೇಳಿಕೊಳ್ಳುವಂತಿಲ್ಲ ಎಂದು 2002ರ ನಿಯಮಾವಳಿಯೇ ಹೇಳುತ್ತದೆ.

‘ಎಂ.ಡಿ. (ಫಿಜಿಷಿಯನ್)’ ಎಂಬುದು ಇನ್ನೂ ಜಾರುವ ಕಲ್ಲು. ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನಗಳಂಥ ದೇಶಗಳಲ್ಲಿ ಮೊದಲ ವೈದ್ಯಕೀಯ ಪದವಿಗೇ ಎಂ.ಡಿ. ಎಂಬ ಹೆಸರಿದ್ದು, ನಮ್ಮಲ್ಲಿ ಅದು ಎಂ.ಬಿ.ಬಿ.ಎಸ್.ಗೆ ಸಮ. ಅಲ್ಲಿ ಓದಿ ಬಂದವರು ಇಲ್ಲಿನ ಅರ್ಹತಾ ಪರೀಕ್ಷೆ ಪಾಸು ಮಾಡಿ ನೋಂದಣಿ ಪಡೆಯುತ್ತಾರೆ, ಅವರಲ್ಲಿ ಒಳ್ಳೆಯ ವೈದ್ಯರೂ ಬೇಕಾದಷ್ಟು ಜನರಿದ್ದಾರೆ. ಆದರೆ ಆವರಣದಲ್ಲಿ ‘ಫಿಜಿಷಿಯನ್’ ಎಂದಿರುವುದು ಜನರಲ್ ಮೆಡಿಸಿನ್ ಸ್ನಾತಕೋತ್ತರ ಪದವಿಯಲ್ಲ. ‘ಎಂ.ಆರ್.ಸಿ.ಪಿ.’ ಬ್ರಿಟನ್ನಿನ ರಾಯಲ್ ಕಾಲೇಜುಗಳ ಕಠಿಣವಾದ ಪರೀಕ್ಷೆ, ಅದನ್ನು ಮುಗಿಸುವುದು ಸಣ್ಣ ಮಾತಲ್ಲ, ಆದರೂ ಅದು ತಜ್ಞ ತರಬೇತಿಯ ಹಾದಿಯ ಒಂದು ಘಟ್ಟವೇ ಹೊರತು ತರಬೇತಿಯ ಕೊನೆಯಲ್ಲ. ‘ಎಫ್’ ಎಂದು ಶುರುವಾಗುವ ಫೆಲೋಷಿಪ್ಪುಗಳಲ್ಲಿ ಹಲವು ಗೌರವಕ್ಕೆ ಸಲ್ಲುವಂಥವು. ಸಕ್ಕರೆ ಕಾಯಿಲೆಯ ಬಗ್ಗೆ ಕೆಲವು ತಿಂಗಳ ಸರ್ಟಿಫಿಕೇಟ್ ಕೋರ್ಸುಗಳೂ ಇವೆ. ಅವುಗಳಿಂದ ವೈದ್ಯರ ಆಸಕ್ತಿ ತಿಳಿಯುತ್ತದೆ, ಸಂತೋಷ, ಆದರೆ ಎಂ.ಡಿ.ಯ ಜಾಗದಲ್ಲಿ ಅವು ನಿಲ್ಲಲಾರವು. ನನ್ನ ಲೆಕ್ಕದಲ್ಲಿ ಬಾಲ ಉದ್ದವಾದಷ್ಟೂ ಮೊದಲ ಎರಡು ಪದವಿಗಳನ್ನು ಹೆಚ್ಚು ಗಮನವಿಟ್ಟು ಓದಬೇಕು.

ಕ್ಲಿನಿಕ್ಕಿನ ಗೋಡೆ

ವೈದ್ಯರ ನೋಂದಣಿ ಬೇರೆ, ಅವರು ಕೂರುವ ಜಾಗದ ನೋಂದಣಿ ಬೇರೆ. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ಕು, ನರ್ಸಿಂಗ್ ಹೋಂ, ಲ್ಯಾಬುಗಳೆಲ್ಲ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಎಲ್ಲರೂ ‘ಕೆಪಿಎಂಇ’ ಎನ್ನುವ ಕಾಯ್ದೆಯಡಿ, ನೋಂದಾಯಿಸಿಕೊಂಡು ಪ್ರಮಾಣಪತ್ರವನ್ನು ಕಾಣುವ ಹಾಗೆ ತೂಗುಹಾಕಬೇಕು. ಅದರಲ್ಲಿ ಯಾವ ಚಿಕಿತ್ಸಾ ಪದ್ಧತಿ ಎಂಬುದೂ ಇರುತ್ತದೆ. ಅಲೋಪತಿ ಸಂಸ್ಥೆಗಳ ಫಲಕ ತಿಳಿನೀಲಿ, ಆಯುರ್ವೇದದ್ದು ತಿಳಿಹಸಿರು ಬಣ್ಣದ್ದಾಗಿರಬೇಕೆಂದು 2024ರಲ್ಲಿ ಸರ್ಕಾರ ಸೂಚಿಸಿದ್ದು ಅತ್ತೆಯವರಂಥ ರೋಗಿಗಳಿಗೆ ನಿಜವಾದ ಉಪಕಾರ. ಔಷಧಿ ಚೀಟಿ ಓದಲು ಕನ್ನಡಕ ಬೇಕು, ಬಣ್ಣಕ್ಕೆ ಬೇಡ. ಪ್ರಮಾಣಪತ್ರ ಕಾಣದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ಕೇಳಬಹುದು.

ಕೋರ್ಟು, ಆಯೋಗ, ನಕ್ಷತ್ರ

1995ರಲ್ಲಿ ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ ಹಣ ಪಡೆದು ನೀಡುವ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನೊಳಗೆ ತಂದಾಗಿನಿಂದ, ನಿರ್ಲಕ್ಷ್ಯದ ದೂರುಗಳು ಬಹುಪಾಲು ಗ್ರಾಹಕ ಆಯೋಗಗಳಿಗೇ ಹೋಗುತ್ತವೆ. ಅವುಗಳ ಆದೇಶಗಳನ್ನು ಆಯೋಗಗಳ ಇ-ಜಾಗೃತಿ ಪೋರ್ಟಲ್ಲಿನಲ್ಲಿ, ಇತರ ನ್ಯಾಯಾಲಯಗಳ ಪ್ರಕರಣಗಳನ್ನು ಇ-ಕೋರ್ಟ್ಸ್ ತಾಣದಲ್ಲಿ ಹುಡುಕಬಹುದು. ಇಂಥ ದೂರುಗಳಲ್ಲಿ ಆಸ್ಪತ್ರೆ ಮೊದಲನೆಯ ಎದುರುದಾರ, ವೈದ್ಯರು ಎರಡನೆಯವರೋ ಮೂರನೆಯವರೋ ಆಗಿರುವುದೇ ಹೆಚ್ಚಾದ್ದರಿಂದ ಆಸ್ಪತ್ರೆಯ ಹೆಸರಿನಲ್ಲೂ ಹುಡುಕಬೇಕು. ಸಿಕ್ಕ ಆದೇಶವನ್ನು ಮೊದಲ ಪುಟ ಓದಿ ಬಿಡದೆ ಕೊನೆಯವರೆಗೂ ಓದಬೇಕು. ಜಿಲ್ಲೆಯಲ್ಲಿ ಪರಿಹಾರಕ್ಕೆ ಆದೇಶವಾದದ್ದು ರಾಜ್ಯ ಆಯೋಗದಲ್ಲಿ ರದ್ದಾಗಿರಬಹುದು. ದೂರು ದಾಖಲಾದ ಮಾತ್ರಕ್ಕೆ ಅಪರಾಧ ಸಾಬೀತಾಗಲಿಲ್ಲ. ಸಾಯುವ ಹಂತದ ರೋಗಿಗಳನ್ನು ದಿನವೂ ನೋಡುವ ಫಿಜಿಷಿಯನ್ನರ ಮೇಲೆ ಮೂವತ್ತು ವರ್ಷಗಳಲ್ಲಿ ಒಂದು ಪ್ರಕರಣ ಇದ್ದರೆ ನಾನು ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೇ ಬಗೆಯ ದೂರು ಮೂರು ಸಲ ಬಂದಿದ್ದರೆ ಬೇರೆ ವೈದ್ಯರನ್ನು ನೋಡುತ್ತೇನೆ.

ಗೂಗಲ್ ನಕ್ಷತ್ರಗಳಿಗೆ ಬರೋಣ. ಅಲ್ಲಿ ಜನ ಬರೆಯುವುದು ಕಾಯಿಸಿದ್ದರ ಬಗ್ಗೆ, ಪಾರ್ಕಿಂಗ್ ಬಗ್ಗೆ, ವೈದ್ಯರು ನಕ್ಕು ಮಾತಾಡಿಸಿದ್ದರ ಬಗ್ಗೆ. ರೋಗನಿರ್ಣಯ ಸರಿಯಿತ್ತೇ ಎಂಬುದು ರೋಗಿಗೇ ಗೊತ್ತಿರುವುದಿಲ್ಲ. ಐದು ನಕ್ಷತ್ರದವನ್ನೂ ಒಂದು ನಕ್ಷತ್ರದವನ್ನೂ ಬಿಟ್ಟು ನಡುವಿನವನ್ನು ಓದಿದರೆ ‘ವರದಿ ತೋರಿಸಲು ಹೋದರೆ ಮತ್ತೆ ಪೂರ್ತಿ ಫೀಸು’, ‘ಪ್ರಶ್ನೆ ಕೇಳಲು ಬಿಡುವುದಿಲ್ಲ’ ಎಂಬಂಥ ಉಪಯೋಗದ ಸಂಗತಿ ಸಿಗುತ್ತದೆ. ಅದಕ್ಕಿಂತ ನಂಬಬಹುದಾದದ್ದು ಊರಿನ ಬಾಯಿ. ಕ್ಲಿನಿಕ್ಕಿಗೆ ಅಂಟಿಕೊಂಡಿರುವ ಮೆಡಿಕಲ್ ಶಾಪಿನವರು ಹೊಗಳದೆ ಬೇರೇನು ಮಾಡಿಯಾರು, ಎರಡು ಬೀದಿ ಆಚೆಯವರನ್ನು ಕೇಳಿ. ನಿಮ್ಮ ಮಕ್ಕಳ ವೈದ್ಯರನ್ನೋ ಹಲ್ಲಿನ ವೈದ್ಯರನ್ನೋ ‘ನಿಮ್ಮ ತಾಯಿಗೆ ಬಿ.ಪಿ. ಇದ್ದರೆ ಯಾರ ಹತ್ತಿರ ಕರೆದುಕೊಂಡು ಹೋಗ್ತೀರಿ, ಡಾಕ್ಟ್ರೇ?’ ಎಂದು ಕೇಳಿದರೆ, ಅವರು ಒಂದು ಕ್ಷಣ ಸುಮ್ಮನಿದ್ದು ಹೇಳುವ ಹೆಸರಿಗೆ ಬೆಲೆಯಿದೆ.

ಹುಡುಕುವುದಕ್ಕೂ ಒಂದು ಗೆರೆ ಇರಬೇಕು. ವೈದ್ಯರ ಜಾತಿ, ಮನೆ ವಿಳಾಸ, ಮಕ್ಕಳ ಶಾಲೆ, ಫೇಸ್‌ಬುಕ್ಕಿನಲ್ಲಿ ಯಾವ ಪಕ್ಷಕ್ಕೆ ಲೈಕ್ ಒತ್ತಿದ್ದಾರೆ ಎಂಬುದು ನಮ್ಮ ಚಿಕಿತ್ಸೆಗೆ ಸಂಬಂಧಪಡದ ವಿಷಯ.

ಮೊದಲ ಭೇಟಿಯಲ್ಲಿ

ಕಾಗದಗಳು ಹೇಳದ್ದನ್ನು ಮೊದಲ ಹದಿನೈದು ನಿಮಿಷ ಹೇಳುತ್ತದೆ. ಹಳೆಯ ಚೀಟಿಗಳನ್ನು ಮುಟ್ಟದೆ ಹೊಸದನ್ನು ಬರೆಯಲು ಹೊರಟರೇ, ಇಲ್ಲವೇ ಈಗ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಸುರಿಯಲು ಹೇಳಿದರೇ? ಸಕ್ಕರೆ ಕಾಯಿಲೆಯವರ ಕಾಲಿನ ಚಪ್ಪಲಿ ಬಿಡಿಸಿ ಪಾದ ನೋಡಿದರೇ? ಔಷಧಿಯನ್ನು ಜನರಿಕ್ ಹೆಸರಿನಲ್ಲಿ, ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು 2002ರ ನಿಯಮಾವಳಿಗೆ ಬಂದ 2016ರ ತಿದ್ದುಪಡಿ ಹೇಳುತ್ತದೆ, ಅದನ್ನು ಪಾಲಿಸಿದ್ದಾರೆಯೇ? ಇವರು ರೋಗಿಗಳನ್ನು ದಾಖಲಿಸುವುದು ಯಾವ ಆಸ್ಪತ್ರೆಯಲ್ಲಿ, ರಾತ್ರಿ ಎರಡು ಗಂಟೆಗೆ ಎದೆ ಹಿಡಿದುಕೊಂಡರೆ ಯಾರಿಗೆ ಫೋನ್ ಮಾಡಬೇಕು, ರಜೆ ಹೋದಾಗ ಯಾರು ನೋಡುತ್ತಾರೆ ಎಂಬ ಮೂರು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಿ. ಪದವಿಯ ಬಗ್ಗೆ ಕೇಳುವುದೂ ಅವಮಾನವೇನಲ್ಲ: ‘ಸರ್, ನೀವು ಎಂ.ಡಿ. ಎಲ್ಲಿ ಮಾಡಿದ್ದು?’ ಎಂದರೆ ಹೆಚ್ಚಿನವರು ಕಾಲೇಜಿನ ಹಾಸ್ಟೆಲ್ಲಿನ ಕಥೆಯನ್ನೂ ಸೇರಿಸಿ ಹೇಳುತ್ತಾರೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಈ ಕೆಲಸ ಸುಲಭ. ಬ್ರಿಟನ್ನಿನಲ್ಲಿ ಜನರಲ್ ಮೆಡಿಕಲ್ ಕೌನ್ಸಿಲ್ಲಿನ ಪಟ್ಟಿಯಲ್ಲಿ ವೈದ್ಯರಿಗೆ ಪರವಾನಗಿ ಇದೆಯೇ, ತಜ್ಞರ ಪಟ್ಟಿಯಲ್ಲಿ ಹೆಸರಿದೆಯೇ ಎಂಬುದು ಒಂದೇ ಪುಟದಲ್ಲಿ ಸಿಗುತ್ತದೆ. ಅಮೆರಿಕದಲ್ಲಿ ಪರವಾನಗಿ ಕೊಡುವುದು ಆಯಾ ರಾಜ್ಯದ ಮೆಡಿಕಲ್ ಬೋರ್ಡು, ತಜ್ಞತೆಯನ್ನು ಪ್ರಮಾಣೀಕರಿಸುವುದು ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ನಮ್ಮಲ್ಲಿ ಬೋರ್ಡಿಗೂ ನೋಂದಣಿ ಪುಸ್ತಕಕ್ಕೂ ತಾಳೆಯಾಗದಿದ್ದರೆ ಮೊದಲು ಕ್ಲಿನಿಕ್ಕಿಗೇ ಹೇಳಿ ವಿವರಣೆ ಕೇಳುವುದು ನ್ಯಾಯ. ಉತ್ತರ ಸಮಾಧಾನ ತರದಿದ್ದರೆ, ಚೀಟಿಯ ಪ್ರತಿಯನ್ನೂ ಬೋರ್ಡಿನ ಫೋಟೊವನ್ನೂ ಇಟ್ಟು ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿಗೆ ಬರೆಯಬಹುದು. ಕ್ಲಿನಿಕ್ಕಿನ ವಿಷಯವಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರವಿದೆ. ನೋಂದಣಿಯೇ ಇಲ್ಲದೆ ವೈದ್ಯವೃತ್ತಿ ನಡೆಸಿದವರಿಗೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ಒಂದು ವರ್ಷದವರೆಗಿನ ಸೆರೆ, ಐದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಇವೆ. ದೂರು ಕೊಡುವುದಾಗಲಿ ಬಿಡುವುದಾಗಲಿ, ವೈದ್ಯರನ್ನು ಬದಲಿಸುವ ಮುನ್ನ ಹಳೆಯ ದಾಖಲೆಗಳನ್ನು ಕೈಗೆ ತೆಗೆದುಕೊಳ್ಳಿ. ಒಳರೋಗಿಯಾಗಿದ್ದವರು ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮ ಅಲೋಪತಿ ವೈದ್ಯರಿಗಿದೆ. ಅರ್ಜಿಯನ್ನು ಎರಡು ಪ್ರತಿ ಬರೆದು, ಒಂದರ ಮೇಲೆ ದಿನಾಂಕ ಸಹಿತ ಸ್ವೀಕೃತಿ ಹಾಕಿಸಿಕೊಳ್ಳಿ. ಗಂಟೆಗಳ ಎಣಿಕೆ ಶುರುವಾಗುವುದು ಅಲ್ಲಿಂದ.